ಹನಿ ಮುಟ್ಟದವಳ ಸಾಂಗ್ರಿಯಾ

ಹೊಗಳಿಕೆ ಕೇಳುವ ಆಸೆಯೊಂದು ಇಲ್ಲದಿದ್ದರೆ ತಾಯಕ್ಕ ಹಳೆಯ ಸಾಹೇಬ ಬರೆದುಕೊಟ್ಟ ಆ ಶಿಫಾರಸು ಚೀಟಿಯನ್ನು ಓದಿಸುತ್ತಲೇ ಇರಲಿಲ್ಲ. ನೆಟ್ಟಗೆ ಮುಸಾಫರಿ ಬಂಗಲೆಗೆ ಹೋಗಿ, ಹೊಸ ಇಂಜಿನಿಯರ್ ದೊರೆಯ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು ನಿಂತುಬಿಡುತ್ತಿದ್ದಳು. ದೊರೆ ಅದನ್ನೋದಿ, ನಕ್ಕು, ಅವಳನ್ನು ಹೊರಗೆ ಕಳಿಸುತ್ತಿದ್ದ. ಯಾಕೆ ಕಳಿಸಿದ ಅಂತ ಅವಳಿಗೆ ಸಾಯುವ ತನಕ ತಿಳಿಯುತ್ತಿರಲಿಲ್ಲ. ಆದರೆ ಹನ್ನೊಂದು ವರ್ಷ ಇನ್ನೊಬ್ಬರ ಒಲೆಯ ಮುಂದೆ ಬೆಂದವಳಿಗೆ ತನ್ನ ಬಗ್ಗೆ ನಾಲ್ಕು ಒಳ್ಳೆಯ ಮಾತು ಕೇಳಬೇಕೆನ್ನಿಸಿದರೆ ಅದೇನು ದೊಡ್ಡ ಅಪರಾಧವೇ?

ಹಾಗಾಗಿ ಬೆಳಿಗ್ಗೆ ಸಂಡೂರಿನ ಕಡೆಯಿಂದ ಅದಿರು ತುಂಬಿಕೊಂಡು ಬಂದ ಗಾಡಿಯಲ್ಲಿ ಹೊಸಪೇಟೆ ಸ್ಟೇಷನ್ನಿಗೆ ಇಳಿದವಳೇ, ಬಟ್ಟೆಯ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಟಿಕೀಟು ಕಿಟಕಿಯ ಹತ್ತಿರ ಹೋದಳು. ಒಳಗೆ ಕೂತ ಗುಮಾಸ್ತ ಕೊಟ್ರಯ್ಯ ಅವಳ ತವರು ಚಿತ್ತವಾಡ್ಗಿಯವನು, ಅವಳ ಅಣ್ಣನ ಮನೆಯ ಓಣಿಯವನು. ಇಂಗ್ಲಿಷ್ ಓದಬಲ್ಲವನು. ಓಣಿಯಲ್ಲಿ ಯಾರಿಗೆ ಸರ್ಕಾರದ ಕಾಗದ ಬಂದರೂ ಅವನ ಕೈಗೇ ಬರುತ್ತಿತ್ತು.

"ಅಯ್ಯನೋರ, ನಮ್ಮ ಸಾಹೇಬ ಕೊಟ್ಟ ಚೀಟಿ. ಏನು ಬರದಾನ, ಸ್ವಲ್ಪ ಓದಿ ಹೇಳ್ರಿ. ಗಟ್ಟಿಯಾಗಿ ಓದ್ರಿ," ಎಂದಳು. ಗಟ್ಟಿಯಾಗಿ ಅಂದದ್ದು ಪಕ್ಕದಲ್ಲಿ ಬೀಡಿ ಸೇದುತ್ತಿದ್ದ ಕೂಲಿ ಪಾಲಪ್ಪನಿಗೂ ಕೇಳಿಸಲಿ ಅಂತ. ಇದನ್ನು ನೆನೆದು ಆಮೇಲೆ ತನಗೆ ತಾನೇ ನೂರು ಸಲ ಬೈದುಕೊಂಡಳು.

ಕೊಟ್ರಯ್ಯ ಓದಿದ. ಮತ್ತೊಮ್ಮೆ ಓದಿದ. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದ.

"ತಾಯಕ್ಕ, ಇದನ್ನ ಯಾರಿಗೂ ತೋರಿಸಬ್ಯಾಡ."

"ಯಾಕ್ರಿ?"

"ಬ್ಯಾಡಂದ್ರ ಬ್ಯಾಡ."

"ಏನ್ ಬರದಾನ ಹೇಳ್ರಿ ಮೊದಲು."

ಕೊಟ್ರಯ್ಯ ದನಿ ತಗ್ಗಿಸಿ ಕನ್ನಡದಲ್ಲಿ ಹೇಳಿದ. ಈ ಹೆಂಗಸು ಹನ್ನೊಂದು ವರ್ಷ ನನಗೆ ಅಡಿಗೆ ಮಾಡಿದ್ದಾಳೆ. ಇವಳ ಕೈಯ ಸಾಂಗ್ರಿಯಾದಂಥ ವೈನು-ಹಣ್ಣಿನ ಪಾನಕ ಗೋವೆಯಿಂದ ಮದರಾಸಿನವರೆಗೆ ಎಲ್ಲೂ ಸಿಗದು. ಎಷ್ಟು ಬಡಿಸುತ್ತಾಳೋ ಅಷ್ಟೇ ತಾನೂ ಕುಡಿಯುತ್ತಾಳೆ. ಮುಂದಿನ ಯಜಮಾನರು ವೈನಿಡುವ ಬೀರುವಿಗೆ ಬೀಗ ಹಾಕಿಕೊಳ್ಳುವುದು ಒಳ್ಳೆಯದು.

ಎಷ್ಟು ತಗ್ಗಿಸಿದರೂ ಪಾಲಪ್ಪನ ಕಿವಿಗೆ ಬಿತ್ತು. "ಅಬಬಬಾ! ಏನಕ್ಕ, ಗಂಡನ ಪಾಲಿಂದೂ ನೀನ ಕುಡಿಯಾಕ ಶುರು ಮಾಡಿದ್ಯಾ?" ಎಂದು ಹಲ್ಲು ಬಿಟ್ಟ. ಸಂಜೆಯೊಳಗೆ ಈ ಮಾತು ಚಿತ್ತವಾಡ್ಗಿಯ ಪ್ರತಿ ಕಟ್ಟೆಯ ಮೇಲೂ ಕೂತಿರುತ್ತದೆ ಎನ್ನುವುದು ತಾಯಕ್ಕನಿಗೆ ಆ ನಗುವಿನಲ್ಲೇ ಗೊತ್ತಾಯಿತು. ಅವಳ ಮೈ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

"ಕುಡಕಿ ಅಂತ ಬರದಾನ?"

"ಹೌದವ್ವಾ."

"ನನ್ನ?"

ಕೊಟ್ರಯ್ಯ ಚೀಟಿಯನ್ನು ಮಡಚಿ ಕಿಟಕಿಯಿಂದ ಅವಳ ಕಡೆ ಸರಿಸಿದ.

ಬೇರೆ ಯಾರನ್ನಾದರೂ ಕುಡುಕಿ ಅಂದಿದ್ದರೆ ಆಕೆ ಒಂದಿಷ್ಟು ಅತ್ತು ಸುಮ್ಮನಾಗುತ್ತಿದ್ದಳೇನೋ. ತಾಯಕ್ಕನನ್ನು ಹಾಗನ್ನುವುದೆಂದರೆ ಅವಳ ಇಡೀ ಬದುಕನ್ನೇ ಸುಳ್ಳು ಮಾಡಿದಂತೆ. ಅವಳ ಗಂಡ ಹೊನ್ನೂರಸ್ವಾಮಿ ಸೇಂದಿ ಕುಡಿದು, ದುಡಿದದ್ದನ್ನೆಲ್ಲ ಸೇಂದಿ ಅಂಗಡಿಗೆ ಸುರಿದು, ಕಡೆಗೊಂದು ದಿನ ಅದಿರಿನ ಗುಂಡಿಗೆ ಉರುಳಿ ಸತ್ತಿದ್ದ. ಹೆಣ ಎತ್ತಿದ ದಿನ ಅವಳು ಅಳಲಿಲ್ಲ. ಬಂದ ನೆಂಟರ ಮುಂದೆಲ್ಲ, "ಈ ನಾಲಿಗಿ ಮ್ಯಾಲ ಒಂದ್ ಹನಿ ಬಿದ್ರ ನಾ ನಮ್ಮಪ್ಪಗ ಹುಟ್ಟಿದಾಕಿನ ಅಲ್ಲ," ಎಂದಳು. ಎಂಥ ಮದುವೆಯಲ್ಲೂ, ಎಂಥ ಚಳಿಯಲ್ಲೂ, ಬಾಣಂತಿಯರಿಗೆ ಔಷಧಿಯೆಂದು ಕೊಡುವಾಗಲೂ ಆಕೆ ಮುಖ ತಿರುಗಿಸಿದವಳು. ಹೊಲವಿಲ್ಲ, ಮನೆಯಿಲ್ಲ, ಮಕ್ಕಳಿಲ್ಲ. ತಾಯಕ್ಕ ಹನಿ ಮುಟ್ಟದವಳು ಅನ್ನುವುದೊಂದೇ ಅವಳದು ಅಂತ ಇದ್ದ ಆಸ್ತಿ.

ಹೊಟ್ಟೆಪಾಡು ಮಾತ್ರ ಅವಳನ್ನು ತಂದು ನಿಲ್ಲಿಸಿದ್ದು ಇನ್ನೊಬ್ಬ ಕುಡಿಯುವವನ ಅಡಿಗೆಮನೆಯಲ್ಲೇ. ಮ್ಯಾಂಗನೀಸ್ ಗಣಿಯ ಮ್ಯಾನೇಜರ್ ಡೊಮಿಂಗೊ ಸಾಹೇಬ ಸ್ಪೇನ್ ದೇಶದವನು. ಗಣಿಯ ಜನರ ಬಾಯಲ್ಲಿ ದುಮ್ಮಿಂಗ ಸಾಹೇಬ. ಗೋವೆಯಿಂದ ರೈಲಿನಲ್ಲಿ ವೈನಿನ ಪೀಪಾಯಿ ತರಿಸುತ್ತಿದ್ದ. ಅವಳು ಸೇರಿದ ಮೊದಲ ವಾರವೇ ತನ್ನ ತಾಯಿ ಮಾಡುತ್ತಿದ್ದ ಪಾನಕ ಅಂತ ಸಾಂಗ್ರಿಯಾ ಕಲಿಸಿಕೊಟ್ಟ. ಕೆಂಪು ವೈನು, ನಿಂಬೆ, ಕಿತ್ತಳೆ, ಸಕ್ಕರೆ, ಒಂದು ತುಂಡು ದಾಲ್ಚಿನ್ನಿ. ತನ್ನ ದೇಶದಲ್ಲಿ ಇದು ಊರಿಗೊಂದು ಥರ ಎಂದ. ಸಮುದ್ರದ ಕಡೆ ಮೀನಿನ ಜೊತೆ ಬಿಳಿ ವೈನಿನದು, ಬೆಟ್ಟದ ಕಡೆ ಮಾಂಸದ ಜೊತೆ ಮಸಾಲೆ ಹೆಚ್ಚಿನದು, ಇನ್ನೊಂದು ಕಡೆ ಬರೀ ಹಣ್ಣು.

"ಹಂಗಾದ್ರ ನಮ್ಮೂರುಗೋಳೇನು ಪಾಪ ಮಾಡ್ಯಾವು?" ಎಂದಿದ್ದಳು ತಾಯಕ್ಕ.

ಅಲ್ಲಿಂದ ಶುರುವಾಯಿತು. ಸಂಡೂರಿನ ಸಾಂಗ್ರಿಯಾಕ್ಕೆ ಒಣಗಿದ ಅಂಜೂರ, ಬೆಟ್ಟದ ಜೇನು, ದಾಲ್ಚಿನ್ನಿ. ರಾತ್ರಿಯಿಡೀ ನೆನೆಯಬೇಕು. ಅದಕ್ಕೆ ಜೋಡಿ, ಒಣಕೊಬ್ಬರಿ ಹುರಿದು ಹಾಕಿದ ಆಡಿನ ಮಾಂಸ. ಕಂಪ್ಲಿಯದಕ್ಕೆ ಬಿಳಿ ವೈನು, ನಿಂಬೆಹುಳಿ, ಹಸಿಶುಂಠಿ, ಸಕ್ಕರೆಯ ಬದಲು ಕಂಪ್ಲಿ ಗಾಣದ ಹೊಸ ಬೆಲ್ಲ. ಅದರ ಜೊತೆಗೆ ಹೊಳೆಯ ಮೀನನ್ನು ಖಾರ ಹಚ್ಚಿ ಕಾವಲಿಯಲ್ಲಿ ಹುರಿಯಬೇಕು. ಪಾಳು ಗುಡಿಗಳನ್ನು ನೋಡಲು ಬಂದ ಅತಿಥಿಗಳನ್ನು ಸಾಹೇಬ ಹಂಪಿಗೆ ಕರೆದೊಯ್ದರೆ, ಮಂಟಪದ ನೆರಳಿನಲ್ಲಿ ಅವಳು ಕಮಲಾಪುರದ ಸುಗಂಧಿ ಬಾಳೆ, ಏಲಕ್ಕಿ ಹಾಕಿದ್ದನ್ನು ಕೊಡುತ್ತಿದ್ದಳು. ಬಾಳೆಹಣ್ಣನ್ನು ಗ್ಲಾಸಿಗೆ ಹೊಯ್ಯುವ ಗಳಿಗೆಯಲ್ಲೇ ಹಾಕಬೇಕು, ಮುಂಚೆ ಹಾಕಿದರೆ ಗೊಜ್ಜಾಗುತ್ತದೆ. ಅದರ ಜೊತೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಬೇಸಿಗೆಯ ಸಂಜೆ ಸಾಹೇಬರು ಇಸ್ಪೀಟಿಗೆ ಕೂತರೆ ಹೊಸಪೇಟೆಯದು, ಅಂದರೆ ತೋತಾಪುರಿ ಮಾವಿನಕಾಯಿಯ ಹೋಳು, ಚೂರು ಕರಿಯುಪ್ಪು. ಜೊತೆಗೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಖಾರದ ಪಕ್ಕದಲ್ಲಿ ಬರೀ ಸಿಹಿ ಇಟ್ಟರೆ ನಾಲಿಗೆ ಇನ್ನೂ ಉರಿಯುತ್ತದೆ, ಹುಳಿ ಇಡಬೇಕು ಎನ್ನುವುದನ್ನು ಅವಳೇ ಸಾಹೇಬನಿಗೆ ಕಲಿಸಿದಳು.

ಇಷ್ಟನ್ನೂ ಮಾಡಿದ್ದು ಬರೀ ಮೂಗಿನಿಂದ. ಆ ವಿದ್ಯೆ ಕಲಿಸಿದವನು ಗಂಡನೇ. ಬಾಗಿಲಿಗೆ ಬಂದು ನಿಂತವನು ಕುಡಿದದ್ದು ಬೆಳಗಿನ ಸೇಂದಿಯೋ ಸಂಜೆಯ ಹುಳಿ ಸೇಂದಿಯೋ, ಯಾರ ಅಂಗಡಿಯದು, ಎಷ್ಟು ಮಡಕೆ ಅನ್ನುವುದನ್ನು ಅವನು ಬಾಯಿ ಬಿಡುವ ಮೊದಲೇ ಅವಳು ಮೂಗಿನಲ್ಲೇ ಹೇಳುತ್ತಿದ್ದಳು. ಹೇಳದಿದ್ದರೆ ಆ ದಿನ ಎಷ್ಟು ಏಟು ಬೀಳುತ್ತದೆ ಅನ್ನುವ ಅಂದಾಜು ಸಿಗುತ್ತಿರಲಿಲ್ಲ. ವೈನಿನ ಪೀಪಾಯಿ ತೆರೆದಾಗೆಲ್ಲ ಜಗ್ಗಿಗೆ ಬಾಯಿಗೆ ಬಂದಂತೆ ಬೈಯುತ್ತ ಕಲಸುತ್ತಿದ್ದಳು. ಸಾಹೇಬ ಕುಡಿದು, ಕಣ್ಣು ಮುಚ್ಚಿ, "ಮಸ್ತ್, ಕುಕ್, ಮಸ್ತ್!" ಎನ್ನುತ್ತಿದ್ದ.

ಈಗ ಸಾಹೇಬ ಕೆಲಸ ಮುಗಿಸಿ ತನ್ನ ದೇಶಕ್ಕೆ ಹೊರಟಿದ್ದ. ಗಣಿಯ ಬಂಗಲೆಯ ಹಿಂದಿನ ಅವಳ ಕೋಣೆ ಹೊಸ ಮ್ಯಾನೇಜರನ ಬಟ್ಲರನ ಪಾಲಾಗಿತ್ತು. ಹೊಸಪೇಟೆಯ ಬಂಗಲೆಯ ಇಂಜಿನಿಯರನಿಗೆ ಅಡಿಗೆಯವಳು ಬೇಕಿತ್ತು, ಆದರೆ ಹಳೆಯ ದೊರೆಯ ಚೀಟಿಯಿಲ್ಲದೆ ಒಳಗೆ ಬಿಡುವುದಿಲ್ಲ ಎಂದಿದ್ದ. ಅದು ತಪ್ಪಿದರೆ ಅಣ್ಣನ ಮನೆಯ ಜಗಲಿ, ಅತ್ತಿಗೆಯ ಮುಖ. ಆ ಮುಖದ ಮುಂದೆ ಕುಡುಕಿ ಅನ್ನಿಸಿಕೊಂಡು ತುತ್ತು ಎತ್ತುವುದಕ್ಕಿಂತ ಹೊಳೆಯೇ ವಾಸಿ ಅನ್ನಿಸಿತು ತಾಯಕ್ಕನಿಗೆ. ಆ ಯೋಚನೆ ಬಂದ ಮರುಗಳಿಗೆಗೆ ಇನ್ನೂ ಸಿಟ್ಟು ಬಂತು. ಸುಳ್ಳು ಬರೆದವನು ಹಡಗು ಹತ್ತುವುದು, ತಾನು ಹೊಳೆ ಹಾರುವುದೇ? ಯಾವ ನ್ಯಾಯ?

"ಹುಬ್ಬಳ್ಳಿ ಗಾಡಿ ಎಷ್ಟೊತ್ತಿಗ್ರಿ?"

"ಎರಡಕ್ಕ. ಸಾಹೇಬ ಅದಕ್ಕ ಬರ್ತಾನ. ಮೊದಲ ದರ್ಜೆ ಟಿಕೀಟು ಮಾಡಿಸ್ಯಾನ. ಯಾಕ?" ಎಂದವನೇ ಕೊಟ್ರಯ್ಯ ಗಾಬರಿಯಾದ. "ತಾಯಕ್ಕ, ಬ್ಯಾಡ. ದೊಡ್ಡ ಮಂದಿ ಜೋಡಿ ಜಗಳ ಬ್ಯಾಡ."

"ಜಗಳ ಮಾಡಾಕ ಅಲ್ರಿ. ಬರದದ್ದನ್ನ ಅಳಸಾಕ."

ನಲ್ಲಿಯ ಕಟ್ಟೆಯ ಮೇಲೆ ಕೂತಳು. ಪಾಲಪ್ಪ ಎರಡು ಸಲ ಆ ಕಡೆಯಿಂದ ಹಾದುಹೋಗಿ, "ನೀರು ಕುಡೀತೀಯೋ, ಬ್ಯಾರೆ ಏನಾರ ತರಲ್ಯೋ?" ಎಂದು ಕೆಣಕಿದ. ಅವಳು ಇದ್ದ ಸಿಟ್ಟನ್ನೆಲ್ಲ ಒಬ್ಬನಿಗಾಗಿ ಕಾದಿಟ್ಟಿದ್ದಳು, ಪಾಲಪ್ಪನಂಥವನಿಗೆ ಅದರಲ್ಲಿ ಚೂರೂ ಹಂಚುವ ಮನಸ್ಸಿರಲಿಲ್ಲ.

ಒಂದೂವರೆಗೆ ಸಾಹೇಬ ಬಂದ. ಆರು ಪೆಟ್ಟಿಗೆ, ಒಂದು ಬೆತ್ತದ ಬುಟ್ಟಿ, ಸರಪಳಿಯಲ್ಲಿ ನಾಯಿ. ಗಾಡಿ ಬಂದು ನಿಂತಿತು. ಕೂಲಿಗಳು ಸಾಮಾನು ಏರಿಸಿದರು. ಸಾಹೇಬ ಒಳಗೆ ಕೂತು ಹಣೆ ಒರೆಸಿಕೊಳ್ಳುತ್ತಿದ್ದಾಗ ಕಿಟಕಿಯ ಹೊರಗೆ ತಾಯಕ್ಕ ನಿಂತಿದ್ದಳು. ಅವಳ ಹಿಂದೆ, ಬೇಡ ಬೇಡ ಎನ್ನುತ್ತಲೇ, ಕೊಟ್ರಯ್ಯನೂ ಬಂದಿದ್ದ.

"ಓ, ಕುಕ್!" ಸಾಹೇಬ ನಕ್ಕ. ಅವನ ಕನ್ನಡ ಅರ್ಧ ಕನ್ನಡ, ಅರ್ಧ ಹಿಂದೂಸ್ತಾನಿ. "ಯಾಕೆ ಬಂದಿ? ಚೀಟಿ ಕೊಟ್ಟಾಯ್ತು. ಬಂಗಲೆ ಜಾವ್."

"ಚೀಟಿಗೇ ಬಂದೀನಿ. ನಾ ಕುಡೀತೀನಿ ಅಂತ ಬರದೀರಿ?"

ಸಾಹೇಬನ ನಗು ಅರ್ಧಕ್ಕೆ ನಿಂತಿತು. ಕೊಟ್ರಯ್ಯನ ಕಡೆ ನೋಡಿದ, ಓದಿಸಿದ್ದಾಳೆ ಎಂದು ಅರ್ಥವಾಯಿತು. "ತಮಾಷೆ, ಕುಕ್. ತಮಾಷೆ. ಕುಡಿ, ತಪ್ಪು ನಹೀ. ನನ್ನ ಅಮ್ಮ ಭೀ ಕುಡೀತಾಳೆ. ರುಚಿ ನೋಡದೆ ಅಷ್ಟು ಚೆಂದ ಯಾರಿಗೂ ಮಾಡೋಕೆ ಬರೋದಿಲ್ಲ. ಇದು ಹೊಗಳಿಕೆ."

"ನಿಮ್ಮವ್ವ ಕುಡೀಲಿ, ಅದು ನಿಮ್ಮನಿ ಮಾತು. ನಾ ಯಾವಾಗ ಕುಡದೆ? ನೀವು ನೋಡೀರ್ಯಾ?"

"ನೋಡಿದ್ದೀನಿ!" ಸಾಹೇಬನಿಗೂ ಈಗ ಸಿಟ್ಟು ಬಂತು. ಪ್ಲಾಟ್‌ಫಾರ್ಮಿನ ಜನ ತಿರುಗಿ ನೋಡುತ್ತಿದ್ದರು. ಅವನು ಇಂಗ್ಲಿಷಿಗೆ ಹೊರಳಿದ, ಕೊಟ್ರಯ್ಯ ಬೆವರುತ್ತ ಕನ್ನಡಕ್ಕೆ ತಂದ. "ಅಂಜೂರದ್ದು ಮಾಡಿದಾಗೆಲ್ಲ ಐದು ಬಾಟ್ಲಿ ವೈನು ಅಳದು ಕೊಟ್ರ ನಾಕ ಬಾಟ್ಲಿ ಹೊರಗ ಬರ್ತಿದ್ವಂತ. ಒಂದು ಎಲ್ಲಿ ಹೋತು ಅಂತಾರ. ಊಟ ಆದ ಮ್ಯಾಲ ನೀನು ಮುಚ್ಚಿದ ಗಡಿಗಿ ಹಿಡಕೊಂಡು ಅಡಿಗಿಮನಿ ಹಿಂದ ಹೊಕ್ಕಿದ್ದಿ, ಕಿಟಕ್ಯಾಗಿಂದ ಎಷ್ಟೋ ಸಲ ನೋಡ್ಯಾರಂತ. ನೋಡಿನೂ ಸುಮ್ನಿದ್ದೆ, ಅದು ನನ್ನ ದೊಡ್ಡತನ ಅಂತಾರ."

ದೊಡ್ಡತನ ಅನ್ನುವ ಮಾತಿಗೆ ತಾಯಕ್ಕನ ನೆತ್ತಿ ಸಿಡಿಯಿತು.

"ಗಡಿಗ್ಯಾಗ ಇದ್ದದ್ದು ವೈನಿನ್ಯಾಗ ನೆಂದು ಉಳದ ಅಂಜೂರ! ನೀವು ಸಾಕಿದ್ದ ಹೋತ ಒಂದ್ಸಲ ಅದನ್ನ ತಿಂದು ಪಡಸಾಲ್ಯಾಗ ಕಾಲು ಮ್ಯಾಲ ಮಾಡಿ ಬಿದ್ದಿತ್ತಲ್ಲ, ನೆನಪೈತಿಲ್ಲ? ನೀವು ವಾರಗಟ್ಲೆ ನಕ್ರಿ. ಆವತ್ತಿಂದ ನಾ ಗುಂಡಿ ತೋಡಿ ಹೂಳಾಕತ್ತಿದ್ದೆ. ಕೂಲ್ಯೋರ ಮಕ್ಕಳು ಸಿಹಿ ಐತಿ ಅಂತ ತಿಂದ್ರ? ದನ ತಿಂದ್ರ? ತಿನ್ನೋ ಪದಾರ್ಥ ಮಣ್ಣಿಗೆ ಹಾಕೋದು ಪಾಪ ಅಂತ ಕಣ್ಣಾಗ ನೀರು ತಂದ್ಕೊಂಡು ಹೂಳ್ತಿದ್ದೆ! ಹೋಗಿ ಕೆದರಿಸ್ರಿ ಅಡಿಗಿಮನಿ ಹಿಂದ, ಹನ್ನೊಂದು ವರ್ಷದ ಬೀಜ ಸಿಗ್ತಾವು."

"ಮತ್ತೆ ಒಂದು ಬಾಟ್ಲಿ?" ಸಾಹೇಬ ಬೆರಳೆತ್ತಿದ. "ಅದು ಎಲ್ಲಿ?"

ತಾಯಕ್ಕ ಕಿಟಕಿಯೊಳಗೆ ಕೈ ಹಾಕಿ ಬೆತ್ತದ ಬುಟ್ಟಿಯ ಮುಚ್ಚಳ ತೆರೆದಳು. ನಾಯಿ ಬೊಗಳಿತು. ನಿನ್ನೆ ಮಧ್ಯಾಹ್ನ ಸಾಹೇಬ ದಾರಿಗೆ ಬೇಕೆಂದು ಒಣ ಅಂಜೂರದ ಗಾಜಿನ ಭರಣಿಗೆ ತಾನೇ ನಿಂತು ಕಂಠಮಟ್ಟ ವೈನು ಹೊಯ್ಯಿಸಿ, ತಾನೇ ಅರಗು ಕಾಯಿಸಿ ಮುಚ್ಚಳಕ್ಕೆ ಮುದ್ರೆ ಒತ್ತಿದ್ದ. ಯಾಕೆ ಅಷ್ಟು ಜೋಪಾನ ಎನ್ನುವುದು ಅವಳಿಗೆ ಆಗ ತಿಳಿದಿರಲಿಲ್ಲ. ಈಗ ಚೆನ್ನಾಗಿ ತಿಳಿಯಿತು. ಭರಣಿಯನ್ನು ಎತ್ತಿ ಅವನ ಮುಖದ ಮುಂದೆ ಹಿಡಿದಳು. ಅಂಜೂರಗಳು ಗುಂಡಗೆ ಉಬ್ಬಿದ್ದವು. ವೈನು ಕಂಠದಿಂದ ನಾಲ್ಕು ಬೆರಳು ಕೆಳಗಿಳಿದಿತ್ತು.

"ಮುದ್ರಿ ನಿಮ್ದ. ಒಡದೈತ್ಯಾ?"

ಸಾಹೇಬ ಅರಗನ್ನು ಮುಟ್ಟಿ ನೋಡಿದ. ಒಡೆದಿರಲಿಲ್ಲ.

"ರಾತ್ರಿಯೆಲ್ಲ ನಿಮ್ಮ ಮಂಚದ ಬುಡಕ ಇತ್ತು. ಹೇಳ್ರಿ ಈಗ, ಕುಡದೋರು ಯಾರು? ನಾನಾ? ನೀವಾ? ನಿಮ್ಮ ನಾಯಾ?"

ಸುತ್ತ ನೆರೆದವರಲ್ಲಿ ಯಾರೋ ನಕ್ಕರು. ಈ ಸಲ ನಕ್ಕವನು ಪಾಲಪ್ಪನಲ್ಲ, ಅವನು ಟೊಂಕಕ್ಕೆ ಕೈಯಿಟ್ಟು ಬಾಯಿ ತೆರೆದು ನಿಂತಿದ್ದ. ಸಾಹೇಬ ಭರಣಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಅದಿರಿನಲ್ಲಿ ಎಷ್ಟು ತೇವ ಇದೆ ಎಂದು ತೂಗಿ ಹೇಳುವ ಗಣಿಯವನು ಅವನು. ಒಣಗಿದ ಹಣ್ಣು ಹೀರುತ್ತದೆ ಎನ್ನುವುದು ಹನ್ನೊಂದು ವರ್ಷ ಅವನ ತಲೆಗೆ ಹೊಳೆದಿರಲಿಲ್ಲ. ಅಡಿಗೆಯವಳು ಕಳ್ಳಿ ಎನ್ನುವುದು ಮಾತ್ರ ಮೊದಲ ದಿನವೇ ಹೊಳೆದಿತ್ತು. ಅವನ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪೇರಿತು.

"ಹಳೇದನ್ನ ಹರೀರಿ," ಎಂದಳು ತಾಯಕ್ಕ ಚೀಟಿಯನ್ನು ಮುಂದೆ ಚಾಚಿ. "ನೀವ ಬರದದ್ದು, ನೀವ ಹರೀರಿ. ಹೊಸಾದು ಬರೀರಿ."

ಅವನು ಹರಿದ. ಪೆಟ್ಟಿಗೆಯಿಂದ ಕಾಗದ ತೆಗೆದು, ಮೊಣಕಾಲ ಮೇಲಿಟ್ಟು ಸರಸರ ಬರೆದ. ಬರೆದದ್ದನ್ನು ಅವಳು ಮುಟ್ಟಲಿಲ್ಲ. "ಅಯ್ಯನೋರು ಮೊದಲು ಓದ್ಲಿ," ಎಂದಳು. ಸಾಹೇಬನಿಗೆ ಅದು ಚುಚ್ಚಿತು, ಆದರೂ ಕಾಗದವನ್ನು ಕೊಟ್ರಯ್ಯನ ಕೈಗಿತ್ತ.

ಕೊಟ್ರಯ್ಯ ಈಗ ಗಟ್ಟಿಯಾಗಿಯೇ ಓದಿದ, ಇಡೀ ಪ್ಲಾಟ್‌ಫಾರ್ಮಿಗೆ ಕೇಳುವಂತೆ. ಈ ಅಡಿಗೆಯವಳು ಹನ್ನೊಂದು ವರ್ಷ ನನ್ನಲ್ಲಿ ನಿಯತ್ತಿನಿಂದ ದುಡಿದಿದ್ದಾಳೆ. ಮಾಂಸಕ್ಕೆ, ಮೀನಿಗೆ, ರೊಟ್ಟಿಗೆ ತಕ್ಕ ಸಾಂಗ್ರಿಯಾವನ್ನು ಬೇರೆ ಬೇರೆಯಾಗಿ ಮಾಡಬಲ್ಲಳು. ತಾನು ಒಂದು ಹನಿ ಮುಟ್ಟಿದವಳಲ್ಲ. ಇದಕ್ಕೆ ವಿರುದ್ಧವಾಗಿ ನಾನು ಬರೆದದ್ದು, ಆಡಿದ್ದು ತಪ್ಪು.

"ಕೇಳಿದ್ಯೇನೋ ಪಾಲಪ್ಪಾ?" ಎಂದ ಕೊಟ್ರಯ್ಯ ತಲೆ ಎತ್ತದೆ. ಪಾಲಪ್ಪ ಮುಖ ಆ ಕಡೆ ಮಾಡಿಕೊಂಡ.

ತಾಯಕ್ಕನ ಉಸಿರು ಒಂದಿಷ್ಟು ಇಳಿಯಿತು. ಆಮೇಲೆ ಹುಬ್ಬು ಗಂಟಿಕ್ಕಿತು.

"ಅಯ್ಯನೋರ, ಈ ಅಡಿಗಿಯಾಕಿ ಅಂದ್ರ ಯಾರು?"

"ನೀನ."

"ನಾನಂತ ಎಲ್ಲಿ ಬರದಾನ? ನನ್ನ ಹೆಸರು?"

ಕೊಟ್ರಯ್ಯ ಮತ್ತೆ ಮೇಲಿಂದ ಕೆಳಗೆ ನೋಡಿದ. "ಹೆಸರು ಹಾಕಿಲ್ಲ."

"ಹಾಕ್ಸ್ರಿ. ಈ ಚೀಟಿ ದಾರ್‍ಯಾಗ ಬಿದ್ರ ಯಾವಾಕಿ ಬೇಕಾದ್ರೂ ನಂದ ಅಂತ ಹೋಗಿ ನಿಂದ್ರಬೌದು."

ಕೊಟ್ರಯ್ಯ ಇಂಗ್ಲಿಷಿನಲ್ಲಿ ಹೇಳಿದ. ಸಾಹೇಬ ತಲೆಯಾಡಿಸಿ ಕಾಗದ ವಾಪಸ್ ತೆಗೆದುಕೊಂಡು, ಪೆನ್ನಿನ ಮುಚ್ಚಳ ತೆಗೆದ. ಪೆನ್ನಿನ ಮೊನೆ ಕಾಗದದ ಮೇಲೆ ನಿಂತಿತು. ನಿಂತೇ ಇತ್ತು. ಗಾರ್ಡು ಸೀಟಿ ಊದಿದ. ಸಾಹೇಬ ತಾಯಕ್ಕನ ಮುಖ ನೋಡಿದ, ಕಾಗದ ನೋಡಿದ, ಕಡೆಗೆ ಕೊಟ್ರಯ್ಯನ ಕಡೆ ಬಾಗಿ ಮೆಲ್ಲಗೆ ಏನೋ ಕೇಳಿದ.

ಕೊಟ್ರಯ್ಯ ಅವಳನ್ನು ನೋಡಲಾರದೆ ತಲೆ ತಗ್ಗಿಸಿದ.

"ಏನಂತಾನ್ರಿ?"

"ನಿನ್ನ ಹೆಸರು ಏನಂತ ಕೇಳಾಕತ್ತಾನ ತಾಯಕ್ಕ."

ತಾಯಕ್ಕನಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಕೂಗಾಡಲಿಲ್ಲ. ಬೆಳಗಿನಿಂದ ಉರಿದದ್ದೆಲ್ಲ ಮೇಲುಮೇಲಿನ ಉರಿ, ಇದು ಅದರ ಕೆಳಗಿನದು. ಈ ಮನುಷ್ಯನ ಪೂರ್ತಿ ಹೆಸರು ಅವಳಿಗೆ ಬರುತ್ತಿತ್ತು. ಅವನ ತಾಯಿಯ ಹೆಸರು, ಊರಿನ ಹೆಸರು, ಜ್ವರ ಬಂದಾಗ ಅವನು ಕನವರಿಸುವ ಹೆಂಗಸಿನ ಹೆಸರೂ ಬರುತ್ತಿತ್ತು. ಅವನ ನಾಯಿಯ ಹೆಸರು ಗಣಿಯ ಕೂಲಿ ಮಕ್ಕಳಿಗೂ ಗೊತ್ತಿತ್ತು. ಹನ್ನೊಂದು ವರ್ಷ, ದಿನಕ್ಕೆ ಮೂರು ಹೊತ್ತು, ಅವಳ ಕೈಯದನ್ನು ಉಂಡವನಿಗೆ ಒಂದು ಸಲವೂ ಕೇಳಬೇಕೆನ್ನಿಸಿರಲಿಲ್ಲ.

ಗಾಡಿ ಅಲುಗಿತು. "ನಾಮ್, ಕುಕ್! ನಾಮ್ ಕ್ಯಾ? ಜಲ್ದಿ, ಜಲ್ದಿ!" ಸಾಹೇಬ ಕಿಟಕಿಯಿಂದ ಅರ್ಧ ಹೊರಗೆ ಬಂದಿದ್ದ. ಅವನ ದನಿಯಲ್ಲಿ ನಿಜವಾದ ಕಳವಳವಿತ್ತು. ಕೊಟ್ರಯ್ಯ ಗಾಡಿಯ ಜೊತೆ ಎರಡು ಹೆಜ್ಜೆ ಓಡಿ ಹೇಳಲು ಬಾಯಿ ತೆರೆದ.

"ಅಯ್ಯನೋರ!" ಎಂದಳು ತಾಯಕ್ಕ. "ಹೇಳಿದ್ರ ನನ್ನ ಆಣಿ ಐತಿ ನಿಮಗ."

ಕೊಟ್ರಯ್ಯ ನಿಂತುಬಿಟ್ಟ. ಗಾಡಿ ವೇಗ ಹಿಡಿಯಿತು. ಸಾಹೇಬ ಕಾಗದವನ್ನು ಹಿಡಿದು ಕೈ ಚಾಚಿಯೇ ಇದ್ದ. ತಾಯಕ್ಕ ಕೈ ಮುಂದೆ ಮಾಡಲಿಲ್ಲ. ಕಡೆಯ ಡಬ್ಬಿಯೂ ಹೋಯಿತು.

"ಹುಚ್ಚಿ, ಎಂಥ ಕೆಲಸ ಮಾಡಿದಿ!" ಕೊಟ್ರಯ್ಯನಿಗೆ ಅಳು ಬರುವಂತಾಗಿತ್ತು. "ಬಾಯಿಗೆ ಬಂದ ತುತ್ತು. ಅಷ್ಟು ಚೆಂದ ಬರದಿದ್ದ. ಈಗೇನು ಮಾಡ್ತಿ?"

ತಾಯಕ್ಕ ನಲ್ಲಿಯ ಕಟ್ಟೆಯಿಂದ ಗಂಟು ಎತ್ತಿಕೊಂಡಳು. ಸೆರಗನ್ನು ಟೊಂಕಕ್ಕೆ ಸಿಕ್ಕಿಸಿದಳು.

"ಬಂಗಲಿಗೆ ಹೊಕ್ಕೀನಿ."

"ಚೀಟಿ ಇಲ್ದ? ಒಳಗ ಬಿಡ್ತಾನೇನ ಆ ಇಂಜಿನಿಯರು?"

"ಬಿಟ್ರ ಬಿಡ್ಲಿ, ಬಿಡದಿದ್ರ ಬಿಡ್ಲಿ. ಮೊದಲು ನನ್ನ ಹೆಸರು ಕೇಳ್ಲಿ. ಕೇಳಿದ ಮ್ಯಾಲ ಒಲಿ ಹಚ್ತೀನಿ."